ರಾಜನಿಲ್ಲದ ಮೊಳೆ

ಗೋಡೆಗೆ ಬಣ್ಣ ಹೊಡೆಯಲು ಬಂದ ಆಂದ್ರೇ ಇವತ್ತು ಬೆಳಿಗ್ಗೆ ಒಂದು ಸಣ್ಣ ಪ್ರಶ್ನೆ ಕೇಳಿದ.

"ಈ ಮೊಳೆ ಕೀಳಲಾ? ಇಲ್ಲಿ ಏನಿತ್ತು?"

ಲಂಡನ್ನಿನ ಇಲ್ಫರ್ಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮೈಸೂರು ಮಹಾರಾಜರ ಪಟದ ಪಕ್ಕ, ಏನನ್ನೂ ಹೊರದೆ ಸುಮ್ಮನೆ ನಿಂತಿರುವ ಮೊಳೆ ಅದು. ಆಂದ್ರೇ ರೊಮೇನಿಯಾದವನು, ಮಾತು ಕಡಿಮೆ, ಕೆಲಸ ಚೊಕ್ಕ. ಕೀಳು ಅಥವಾ ಬೇಡ ಎಂದರೆ ಸಾಕಿತ್ತು. ಆದರೆ ಒಂದು ಪದದ ಉತ್ತರ ನನ್ನ ಬಾಯಿಂದ ಬಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ನಾನು ಕೆಟಲ್ ಹಾಕಿದೆ. ಅವನು ಬ್ರಷ್ ಕೆಳಗಿಟ್ಟ. ನೀವೂ ಹೀಗೆ ಬಂದು ಕೂತುಕೊಳ್ಳಿ.

ಮೊದಲು ಮಹಾರಾಜರ ವಿಷಯ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಹುಟ್ಟಿದವರಿಗೆ ಒಂದು ಕಾಯಿಲೆ ಉಂಟು. ನಲ್ಲಿ ತಿರುಗಿಸಿದಾಗ ನೀರು ಬಂದರೆ ಅದು ಮಹಾರಾಜರಿಂದ, ಸ್ವಿಚ್ ಒತ್ತಿದಾಗ ದೀಪ ಹತ್ತಿದರೆ ಅದೂ ಅವರಿಂದಲೇ. ನಮ್ಮಪ್ಪ ಬೀದಿ ನಲ್ಲಿಯ ಮುಂದೆ ನಿಂತು "ಎಲ್ಲಾ ಮಹಾಸ್ವಾಮಿಯವರ ಕೃಪೆ" ಎನ್ನದೆ ಒಂದು ಕೊಡ ತುಂಬಿಸಿದವರಲ್ಲ. ನೀರು ಬಾರದ ದಿನ ಮಾತ್ರ ಮುನಿಸಿಪಾಲಿಟಿಯನ್ನು ಬಯ್ಯುತ್ತಿದ್ದರು. ಅಣೆಕಟ್ಟೆಗೆ ದುಡ್ಡು ಸಾಲದೆ ಅರಮನೆಯ ಒಡವೆಯನ್ನೇ ಕೊಟ್ಟರಂತೆ ಎಂಬ ಕಥೆ ಕೇಳಿಕೊಂಡೇ ನಾನು ಬೆಳೆದೆ. ಹೀಗಾಗಿ ರಾಜ ಎಂದರೆ ಕಟ್ಟಿಸುವವನು, ಕಟ್ಟಿಸಿದವನು ಒಳ್ಳೆಯವನು ಎಂಬುದು ನನ್ನ ತಲೆಯೊಳಗೆ ಗಾರೆ ಹಾಕಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಲಂಡನ್ನಿಗೆ ಬರುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಗಿಂತ ಮೊದಲು ಇಟ್ಟದ್ದು ಆ ಪಟವನ್ನು.

ಇನ್ನು ಒಡೆಟ್ಟಮ್ಮ. ನಮ್ಮ ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯಲ್ಲಿದ್ದವರು, ಕಾಂಗೋ ದೇಶದವರು. ಹೆಸರು ಒಡೆಟ್ ಎಂದಷ್ಟೇ. ನನ್ನ ಹೆಂಡತಿ ವಿಮಲ, ಹಿರಿಯರನ್ನು ಬರಿಯ ಹೆಸರಿನಿಂದ ಹೇಗೆ ಕರೆಯುವುದು ಎಂದು ಮೊದಲ ವಾರದಲ್ಲೇ ಅವರನ್ನು ಒಡೆಟ್ಟಮ್ಮ ಮಾಡಿಬಿಟ್ಟಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಪ್ರತಿ ಶನಿವಾರ ಹತ್ತು ಗಂಟೆಗೆ ನಮ್ಮಲ್ಲಿ ಫಿಲ್ಟರ್ ಕಾಫಿ, ನಾಲ್ಕು ಚಮಚ ಸಕ್ಕರೆ. ಬರುವಾಗ ಹುರಿದ ಬಾಳೆಹಣ್ಣು ತರುತ್ತಿದ್ದರು. ನನ್ನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು. ನಾನು ಡಾಕ್ಟರಲ್ಲ, ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕಂಡವರ ರಕ್ತ ಪರೀಕ್ಷೆ ಮಾಡಿದವನು. ಲಂಡನ್ನಿನಲ್ಲಿರುವ ಮೈಸೂರಿನವರಲ್ಲಿ ಡಾಕ್ಟರಲ್ಲದವನು ನಾನೊಬ್ಬನೇ ಇರಬೇಕು, ಆದ್ದರಿಂದ ತಿದ್ದಲು ಹೋಗಲಿಲ್ಲ.

ಆದರೆ ಬೇರೆ ಒಂದು ವಿಷಯದಲ್ಲಿ ನಾನು ಅವರನ್ನು ತಿದ್ದುವುದು ಬಿಡಲಿಲ್ಲ. ಒಡೆಟ್ಟಮ್ಮ ಎಲ್ಲವನ್ನೂ ಎಡಗೈಯಲ್ಲಿ ಮಾಡುತ್ತಿದ್ದರು. ಬಾಳೆಹಣ್ಣಿನ ತಟ್ಟೆ ಕೊಡುವುದು ಎಡಗೈಯಲ್ಲಿ, ಕಾಫಿ ಇಸಿದುಕೊಳ್ಳುವುದು ಎಡಗೈಯಲ್ಲಿ. ಇದನ್ನಾದರೂ ಸಹಿಸಬಹುದಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಪ್ರಸಾದಕ್ಕೂ ಎಡಗೈ ಒಡ್ಡಿದಾಗ ನನ್ನೊಳಗಿನ ಅಜ್ಜಿ ಎದ್ದು ಕೂತಳು. "ಬಲಗೈ, ಪ್ಲೀಸ್. ನಮ್ಮಲ್ಲಿ ಎಡಗೈ ಬೇರೆ ಕೆಲಸಕ್ಕೆ" ಎಂದೆ. ಆಕೆ ನಕ್ಕು ಬಲಗೈಗೆ ಹಾಕಿಸಿಕೊಂಡರು, ನನ್ನ ಮುಖದಲ್ಲಿ ಸಮಾಧಾನ ಕಾಣುವವರೆಗೆ ಕಾದರು, ಆಮೇಲೆ ಎಡಗೈಗೆ ವರ್ಗಾಯಿಸಿ ತಿಂದರು. ಆರು ವರ್ಷ ಪ್ರತಿ ಹಬ್ಬಕ್ಕೂ ಇದೇ ನಡೆಯಿತು. ಒಂದು ಸಂಸ್ಕೃತಿಯನ್ನು ಇಲ್ಫರ್ಡಿನಲ್ಲಿ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ನನಗೆ.

ಆರನೆಯ ವರ್ಷ ಲಂಡನ್ನಿನ ಇನ್ನೊಂದು ತುದಿಯಲ್ಲಿರುವ ಕಿಂಗ್ಸ್‌ಬರಿಯ ಕನ್ನಡಿಗ ಗೆಳೆಯರು ಸೇರಿ ಬೆಲ್ಜಿಯಂಗೆ ಕೋಚ್ ಬಸ್ಸಿನಲ್ಲಿ ಪ್ರವಾಸ ಹೊರಡಿಸಿದರು. ನಲವತ್ತು ಕನ್ನಡಿಗರು, ನಲವತ್ತು ಪುಳಿಯೋಗರೆ ಡಬ್ಬಿ. ಸಮುದ್ರ ದಾಟುವ ಮೊದಲೇ ಮೂವತ್ತು ಖಾಲಿ. ಬ್ರಸೆಲ್ಸಿನಲ್ಲಿ ಕುದುರೆಯ ಮೇಲೆ ಕೂತ ಒಬ್ಬ ಗಡ್ಡದ ರಾಜನ ಪ್ರತಿಮೆ ತೋರಿಸಿ ಗೈಡ್ ಹೇಳಿದ: ಈ ಕಮಾನು ಇವನು ಕಟ್ಟಿಸಿದ್ದು, ಆ ಉದ್ಯಾನ ಇವನದು, ಆ ಗಾಜಿನ ಮನೆಗಳೂ ಇವನವೇ. ಅಷ್ಟು ಸಾಕಾಯಿತು. ಕಟ್ಟಿಸಿದವನು! ಕೈಗಳು ತಾವಾಗಿ ಜೋಡಿಕೊಂಡವು. ಮಂಕಿ ಟೋಪಿ ಹಾಕಿಕೊಂಡೇ ಕುದುರೆಯ ಕಾಲಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಲಂಡನ್ನಿಗೆ ಮರಳಿ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಹಾರಾಜರ ಪಕ್ಕದಲ್ಲೇ ಮೊಳೆ ಹೊಡೆದೆ.

"ಇಬ್ಬರು ರಾಜರ ನಡುವೆ ನೀವೊಬ್ಬರು ಮಂಕಿ ಟೋಪಿ" ಎಂದಳು ವಿಮಲ.

ಶನಿವಾರ ಒಡೆಟ್ಟಮ್ಮ ಬಂದರು. ವಿಮಲ ಕಾಫಿ ತಂದಿಟ್ಟಳು. ಅವರು ಸಕ್ಕರೆಗೆ ಚಮಚ ಹಾಕುವಷ್ಟರಲ್ಲಿ ನಾನು ಪಟದ ಮುಂದೆ ನಿಂತು ಉಪನ್ಯಾಸ ಶುರು ಮಾಡಿದ್ದೆ. ಕಾಂಗೋದವರು ಫ್ರೆಂಚ್ ಆಡುವುದರಿಂದ ಆ ದೇಶ ಹಿಂದೆ ಫ್ರಾನ್ಸಿನ ಕೈಯಲ್ಲಿತ್ತು ಎಂದೇ ನಾನು ತಿಳಿದಿದ್ದೆ. ಬೆಲ್ಜಿಯಂಗೂ ಅವರಿಗೂ ಏನು ಸಂಬಂಧ ಎಂದು ಯೋಚಿಸಿಯೂ ಇರಲಿಲ್ಲ. "ಈತನೂ ನಮ್ಮ ಮಹಾರಾಜರ ಹಾಗೇ ಬಹಳ ಕಟ್ಟಿಸಿದವನು" ಎಂದೆ. "ಮನೆಯ ಒಡವೆ ಅಡವಿಟ್ಟೇ ಇಷ್ಟೆಲ್ಲ ಮಾಡಿರಬೇಕು, ಪಾಪ."

ಆ 'ಪಾಪ' ನೆನಪಾದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಡೆಟ್ಟಮ್ಮ ಎರಡನೆಯ ಚಮಚಕ್ಕೇ ನಿಲ್ಲಿಸಿದರು. ಅವರ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತೇನೆ. ಸಕ್ಕರೆ ಇದೆಯಾ ಎಂದು ಕೇಳುವ ಧ್ವನಿಯಲ್ಲೇ ಅವರು ಹೇಳಿದ್ದು.

"ಡಾಕ್ಟರ್, ಈ ರಾಜ ನಮ್ಮ ದೇಶ ಪೂರ್ತಿ ತನ್ನ ಸ್ವಂತದ್ದು ಮಾಡಿಕೊಂಡಿದ್ದ. ಒಂದು ದಿನವೂ ಬಂದು ನೋಡಲಿಲ್ಲ. ಕಾಡಿನ ಬಳ್ಳಿ ಕೊಯ್ದು ರಬ್ಬರ್ ಹಾಲು ಇಳಿಸಿ ತರಬೇಕಿತ್ತು ಜನ. ಬುಟ್ಟಿ ತುಂಬದಿದ್ದರೆ ಅವನ ಸಿಪಾಯಿಗಳು ಬರ್ತಿದ್ದರು. ನನ್ನ ಮುತ್ತಜ್ಜನ ಬುಟ್ಟಿ ಒಂದು ಸಲ ತುಂಬಲಿಲ್ಲ. ನನ್ನ ಅಜ್ಜ ಆಗ ಏಳು ವರ್ಷದ ಮಗು. ಅವನ ಬಲಗೈ ಕಡಿದರು."

ಒಡೆಟ್ಟಮ್ಮ ಚಮಚವನ್ನು ತಟ್ಟೆಯ ಮೇಲಿಟ್ಟರು.

"ನನ್ನನ್ನ ಸಾಕಿದ್ದು ಆ ಅಜ್ಜ. ತಿನ್ನೋದು, ಗಂಟು ಹಾಕೋದು, ಕೊಡೋದು, ತೊಗೊಳ್ಳೋದು, ಎಲ್ಲ ಅವನನ್ನ ನೋಡಿಯೇ ಕಲಿತೆ."

ಆಮೇಲೆ ಆ ಅರೆ ಸಕ್ಕರೆಯ ಕಾಫಿಯನ್ನು ಎಡಗೈಯಲ್ಲಿ ಎತ್ತಿ ಪೂರ್ತಿ ಕುಡಿದರು. ಕೊಟ್ಟಿದ್ದನ್ನು ಬಿಡುವವರಲ್ಲ ಅವರು. ಏಳುವಾಗ ಮಹಾರಾಜರ ಪಟ ನೋಡಿ, "ನಿಮ್ಮ ರಾಜನ ಅಣೆಕಟ್ಟೆಗೆ ಕಲ್ಲು ಹೊತ್ತವರು ಯಾರು?" ಎಂದರು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಒಡವೆ ಕೊಟ್ಟವರ ಹೆಸರು ಮಗ್ಗಿಯ ಹಾಗೆ ಬರುತ್ತಿತ್ತು. ಕಲ್ಲು ಹೊತ್ತವರ ಒಂದು ಹೆಸರೂ ನಮ್ಮಪ್ಪನ ಬಾಯಿಂದ ಕೇಳಿರಲಿಲ್ಲ, ನಾನಾಗಿ ಕೇಳಿಯೂ ಇರಲಿಲ್ಲ.

ಬಾಗಿಲು ಹಾಕಿಕೊಂಡಿತು. ವಿಮಲ ನನ್ನ ಕಡೆ ತಿರುಗಿದಳು.

"ರೀ, ಆರು ವರ್ಷ ಆ ಯಮ್ಮನ ಕೈಲಿ ಕೈ ಬದಲಾಯಿಸಿ ಬದಲಾಯಿಸಿ ಪ್ರಸಾದ ಇಸ್ಕೊಳ್ಳೋ ಹಾಗ್ ಮಾಡಿದ್ರಲ್ಲ. ಒಂದಿನನಾದ್ರೂ ಯಾಕಮ್ಮ ಎಡಗೈ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಹೇಳಿದ್ದೇ ಹೇಳಿದ್ದು.

ಮುಂದಿನ ಶನಿವಾರ ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಒಡೆಟ್ಟಮ್ಮ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಗೋಡೆಯಾಚೆ ರೇಡಿಯೋ ಮಾತ್ರ ಕೇಳಿಸುತ್ತಿತ್ತು. ವಿಮಲ ಮೂರು ಲೋಟಕ್ಕೆ ಡಿಕಾಕ್ಷನ್ ಇಳಿಸಿ, ಒಂದನ್ನು ನನ್ನ ಮುಂದೆ ಹೆಚ್ಚಿಗೆ ಇಟ್ಟು ಹೋಗುತ್ತಿದ್ದಳು, ಕುಡಿಯಿರಿ ಎಂಬಂತೆ. ನಾನು ಆಗ ಕಲಿತದ್ದು ಒಂದು: ಲಂಡನ್ನಿನಲ್ಲಿ ನನಗೆ ಪರಿಚಯದವರು ನಲವತ್ತು ಜನ ಇದ್ದರು, ಶನಿವಾರ ಕಾಯುವಂಥವರು ಒಬ್ಬರೇ. ಅವರನ್ನು ನನ್ನ ಕೈಯಾರೆ ಕಳೆದುಕೊಂಡಿದ್ದೆ.

ಫೋಟೋ ಇಳಿಸಿ ಅಟ್ಟಕ್ಕೆ ಹಾಕಿದೆ. ವಿಮಲ ಮಾಡಿದ ಮೈಸೂರು ಪಾಕಿನ ಡಬ್ಬಿ ಹಿಡಿದು ಪಕ್ಕದ ಬಾಗಿಲು ತಟ್ಟಿದೆ. ಎಡಗೈಯಲ್ಲಿ ಕೊಡಬೇಕೆಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಆದರೆ ಅರವತ್ತೈದು ವರ್ಷ ಯಾರಿಗೂ ಒಂದು ತುತ್ತು ಕೊಟ್ಟಿಲ್ಲದ ಕೈ ಅದು. ಬಾಗಿಲು ತೆರೆದ ಕೂಡಲೇ ಹಿಡಿತ ತಪ್ಪಿತು. ಡಬ್ಬಿ ವಾಲಿತು, ಮುಚ್ಚಳ ಬಿಚ್ಚಿತು, ನಾಲ್ಕು ತುಂಡು ಮೆಟ್ಟಿಲ ಮೇಲೆ ಬಿದ್ದವು. ಒಂದೂ ಒಡೆಯಲಿಲ್ಲ. ವಿಮಲಳ ಮೈಸೂರು ಪಾಕು ಹಾಗೆಯೇ.

ಒಡೆಟ್ಟಮ್ಮ ತುಂಡುಗಳನ್ನು ನೋಡಿದರು, ನನ್ನ ಕೈ ನೋಡಿದರು.

"ಬಲಗೈಗೆ ಏನಾಯಿತು, ಡಾಕ್ಟರ್?"

"ಏನೂ ಆಗಿಲ್ಲ. ನಿಮ್ಮ ಅಜ್ಜನಿಗೋಸ್ಕರ" ಎಂದೆ. "ನನ್ನನ್ನು ಕ್ಷಮಿಸಬೇಕು. ನಾನು ಡಾಕ್ಟರೂ ಅಲ್ಲ."

"ಅದು ಗೊತ್ತು. ನೀವು ನನ್ನ ಮುಖ ನೋಡ್ತಿರಲಿಲ್ಲ ಅಷ್ಟೇ, ನಿಮ್ಮ ಆಸ್ಪತ್ರೆಯಲ್ಲಿ ನಿಮಗೆ ಊಟ ಬಡಿಸ್ತಿದ್ದವಳು ನಾನೇ ಅಲ್ಲವಾ" ಎಂದರು. ಆಮೇಲೆ ಡಬ್ಬಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡರು. "ಅಜ್ಜ ಇದ್ದಿದ್ದರೆ, ಎರಡು ಕೈ ಇರುವವನು ಎರಡರಲ್ಲೂ ಹಿಡಿಯಪ್ಪಾ ಅಂತಿದ್ದ."

ಆ ಶನಿವಾರ ಅವರು ಬಂದಾಗ ನಾನು ಇಕ್ಕಳ ಹಿಡಿದು ಮೊಳೆ ಕೀಳುವುದರಲ್ಲಿದ್ದೆ. ಬೇಡ ಎಂದರು. "ಇರಲಿ ಅದು. ಇಲ್ಲಿ ಏನಿತ್ತು ಅಂತ ಯಾರಾದರೂ ಕೇಳ್ತಾರೆ. ಕೇಳಿದವರಿಗೆ ಪೂರ್ತಿ ಹೇಳಿ. ನಿಮಗೆ ಮಾತು ಜಾಸ್ತಿ, ಅದು ಒಂದು ಕೆಲಸಕ್ಕೆ ಬರಲಿ." ಎಡಗೈಯಲ್ಲಿ ಸಕ್ಕರೆ ಹಾಕಿಕೊಂಡರು, ನಾಲ್ಕು ಚಮಚ.

ಆಮೇಲೆ ಅವರು ಲೀಡ್ಸಿನಲ್ಲಿ ಮಗಳ ಮನೆಗೆ ಹೋದರು. ಫೋನ್ ಮಾಡಿದಾಗಲೆಲ್ಲ ಕೊನೆಗೆ ಒಂದೇ ಪ್ರಶ್ನೆ: "ಯಾರಾದರೂ ಕೇಳಿದರಾ?" ಇಲ್ಲ ಎನ್ನಬೇಕಾಗುತ್ತಿತ್ತು. ಖಾಲಿ ಮೊಳೆಯನ್ನು ಯಾರು ನೋಡುತ್ತಾರೆ? ಬಂದವರೆಲ್ಲ ಮಹಾರಾಜರಿಗೆ ಕೈಮುಗಿದು ಕೂರುತ್ತಿದ್ದರು. ಕಿಂಗ್ಸ್‌ಬರಿಯ ಗೆಳೆಯರೊಬ್ಬರು ಮೊಳೆ ವ್ಯರ್ಥವಾಯಿತೆಂದು ಅದಕ್ಕೆ ತಮ್ಮ ಅಂಗಡಿಯ ಕ್ಯಾಲೆಂಡರ್ ನೇತುಹಾಕಿ ಹೋದರು. ಅವರು ಬಸ್ಸು ಹತ್ತುವುದರೊಳಗೆ ವಿಮಲ ಅದನ್ನು ಅಡುಗೆಮನೆಗೆ ಸಾಗಿಸಿದಳು. ಮಹಾರಾಜರನ್ನು ನಾನೂ ಇಳಿಸಿಲ್ಲ, ಕೈಮುಗಿಯುವುದೂ ಬಿಟ್ಟಿಲ್ಲ. ಆದರೆ ಮುಗಿಯುವಾಗ ಈಗ ಕಲ್ಲು ಹೊತ್ತವರು ಅಡ್ಡ ಬಂದು ನಿಲ್ಲುತ್ತಾರೆ, ಅವರಿಗೆ ಮುಖಗಳಿಲ್ಲ.

ಈ ಶನಿವಾರ ಒಡೆಟ್ಟಮ್ಮ ನಾಲ್ಕು ದಿನ ಇದ್ದು ಹೋಗಲು ಬರುತ್ತಾರೆ. ಬಣ್ಣ ಹೊಡೆಸುತ್ತಿರುವುದು ಅದಕ್ಕೇ. ಆಂದ್ರೇ ನನ್ನ ಕಥೆ ಮುಗಿದ ಮೇಲೆ ಎದ್ದು ಗೋಡೆಯ ಬಳಿ ಹೋದ. ಸಣ್ಣ ಬ್ರಷ್ ತೆಗೆದುಕೊಂಡು ಮೊಳೆಗೆ ತಾಗದ ಹಾಗೆ ಸುತ್ತಲೂ ಬಳಿಯತೊಡಗಿದ. ನಾನು ಲೀಡ್ಸಿಗೆ ಫೋನ್ ಹಚ್ಚಿದೆ.

"ಒಡೆಟ್ಟಮ್ಮ, ಇವತ್ತು ಒಬ್ಬ ಕೇಳಿದ."

"ಹೇಳಿದಿರಾ?"

"ಪೂರ್ತಿ ಹೇಳಿದೆ."

"ಎಷ್ಟು ಹೊತ್ತು?"

"ಒಂದೂವರೆ ಗಂಟೆ."

"ಪಾಪ" ಎಂದರು ಒಡೆಟ್ಟಮ್ಮ. "ಅವನಿಗೆ ಇನ್ನೊಂದು ಟೀ ಕೊಡಿ."

ಕೊಟ್ಟೆ, ಎಡಗೈಯಲ್ಲಿ. ಒಂದು ತೊಟ್ಟೂ ಚೆಲ್ಲಲಿಲ್ಲ.