ನೀರು ಚಿಮುಕಿಸಬಾರದು

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹಾವೇರಿಯಿಂದ ಬ್ಯಾಡಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ಸಲ ಎದ್ದು, ಬ್ಯಾಗು ಮೇಲಿಟ್ಟು, ಮತ್ತೆ ಇಳಿಸಿ, ಪಕ್ಕದವರಿಂದ ಬೈಸಿಕೊಳ್ಳುತ್ತೇನೆ. ಇವಳ ಕಾಲಲ್ಲಿ ಚಕ್ರ ಇದೆ ಎಂದು ರಾಣೆಬೆನ್ನೂರಿನ ನನ್ನ ತಾಯಿ ಮದುವೆಗೆ ಮುಂಚೆಯೇ ಬೀಗರ ಎದುರು ಹೇಳಿಬಿಟ್ಟಿದ್ದಳು. ಆದರೆ ಆ ವರ್ಷ ನನ್ನನ್ನು ಕಾಡಿದ ಚಡಪಡಿಕೆಗೆ ಬೇರೆ ಕಾರಣವಿತ್ತು.

ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ಯುರೋಪಿಗೆ ಕಳಿಸಿದ ನಮ್ಮ ಒಂದು ಲೋಡು ಅಲ್ಲಿನ ಬಂದರಿನಿಂದಲೇ ವಾಪಸಾಗಿತ್ತು. ಒದ್ದೆ ಕಾಯಿಗೆ ಬೂಷ್ಟು ಹಿಡಿದರೆ ಅದರಲ್ಲೊಂದು ವಿಷ ಹುಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದು ಅವರ ಮಿತಿಗಿಂತ ಹೆಚ್ಚಿತ್ತು. ಅದೇ ಹೊತ್ತಿಗೆ ಹಾವೇರಿಯಲ್ಲಿ ನಮ್ಮಂಥವರಿಗೆ ಒಂದು ತರಬೇತಿ ನಡೆಯಿತು. ನಮ್ಮ ದೇಶದ ಆಹಾರ ಕಾನೂನನ್ನೂ ಯುರೋಪಿನ ಅಳತೆಗೆ ಹೊಂದಿಸುತ್ತಾ ಬರುತ್ತಿದ್ದಾರೆ, ಹೊರಗೆ ಹೋಗುವ ಮಾಲಿಗೊಂದು ನಿಯಮ, ನಾವು ತಿನ್ನುವ ಮಾಲಿಗೊಂದು ನಿಯಮ ಎನ್ನುವುದು ಇನ್ನು ಹೆಚ್ಚು ದಿನ ನಡೆಯುವುದಿಲ್ಲ ಎಂದರು. ನನಗೆ ಖುಷಿಯಾಯಿತು. ನಮ್ಮ ಮನೆಯ ಸಾರಿಗೂ ಅವರ ಸೂಪಿಗೂ ಒಂದೇ ಕಾಯ್ದೆ ಎಂದರೆ ಯಾರಿಗೆ ಖುಷಿಯಾಗುವುದಿಲ್ಲ?

ತರಬೇತಿಯಲ್ಲಿ ಕೊಟ್ಟ ಇಂಗ್ಲಿಷ್ ನಿಯಮಗಳನ್ನು ಕನ್ನಡಕ್ಕೆ ತಂದು, ಕಾಯಿಯ ತೊಟ್ಟು ಮುರಿಯುವ ಶೆಡ್ಡಿನಲ್ಲಿ ಬೋರ್ಡು ಹಾಕಿಸಲು ಮಾಲೀಕರು ಹೇಳಿದರು. ನನ್ನ ಅಕ್ಷರ ದುಂಡಗಿದೆ ಎಂಬ ಜಂಬ ನನಗೆ. ಪೇಂಟರ್ ಬೇಡವೆಂದು ನಾನೇ ಬರೆದೆ. ಮೊದಲ ಸಾಲೇ ಕೆಂಪು ಬಣ್ಣದಲ್ಲಿ: ಮೆಣಸಿನಕಾಯಿಗೆ ನೀರು ಚಿಮುಕಿಸಬಾರದು.

ಆ ಸಾಲು ಎಷ್ಟು ಜನರ ಕೈ ಕಟ್ಟಿತು ಎಂಬುದು ಬ್ಯಾಡಗಿಯವರಿಗೆ ಮಾತ್ರ ಗೊತ್ತಾದೀತು. ಚೆನ್ನಾಗಿ ಒಣಗಿದ ಕಾಯಿ ಮುಟ್ಟಿದರೆ ಪುಡಿಯಾಗುತ್ತದೆ. ಹಾಗಾಗಿ ಗುತ್ತಲದ ಕಡೆಯ ರೈತರು ಚೀಲ ತುಂಬುವ ಮುಂಚೆ ನೀರು ಚಿಮುಕಿಸುತ್ತಾರೆ, ತೊಟ್ಟು ಮುರಿಯುವ ಹೆಂಗಸರು ರಾಶಿಯ ಮುಂದೆ ಕೂರುವ ಮುಂಚೆ ಚಿಮುಕಿಸುತ್ತಾರೆ. ಅಂಗಳಕ್ಕೆ ನೀರು ಹಾಕುವ ಹಾಗೆಯೇ, ತಂಬಿಗೆಯಿಂದ ಬೊಗಸೆಗೆ, ಬೊಗಸೆಯಿಂದ ರಾಶಿಗೆ. ಕಾಯಿ ಮೆತ್ತಗಾಗಿ ತೊಟ್ಟು ಸಲೀಸಾಗಿ ಬರುತ್ತದೆ. ಜೊತೆಗೆ ಘಾಟು ಅಡಗುತ್ತದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅವರು ಒಣ ರಾಶಿಯ ಮುಂದೆ ಅರ್ಧ ತಾಸು ಕೂತವರಲ್ಲ.

ಬೋರ್ಡು ಹಾಕಿದ ವಾರದೊಳಗೆ ಶೆಡ್ಡಿನ ತುಂಬ ಕೆಮ್ಮು. ಹೆಂಗಸರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರು. ನಾನು ಗಾಜಿನ ಬಾಗಿಲ ಆಚೆ ಇರುವ ಕೋಣೆಯಲ್ಲಿದ್ದೆ. ಅಲ್ಲಿಗೂ ಕೆಮ್ಮು ಕೇಳುತ್ತಿತ್ತು. ಎದ್ದು ಓಡಾಡುತ್ತಿದ್ದೆ, ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡುತ್ತಿದ್ದೆ, ಚಹಾ ತರಿಸಿ ಕುಡಿಯದೆ ಬಿಡುತ್ತಿದ್ದೆ.

ಏಕೆಂದರೆ ಆ ಇಂಗ್ಲಿಷ್ ಪ್ರತಿಯಲ್ಲಿ ಇನ್ನೊಂದು ಸಾಲಿತ್ತು. ಕೆಲಸದ ಜಾಗದ ಧೂಳು ಹೊರಗೆ ಹೋಗುವಂತೆ ಗಾಳಿಯ ವ್ಯವಸ್ಥೆ ಇರಬೇಕು ಎಂದು. ನಾನು ಅದನ್ನೂ ಕನ್ನಡಕ್ಕೆ ತಂದಿದ್ದೆ. ಮಾಲೀಕರು ಓದಿ, ದೊಡ್ಡ ಫ್ಯಾನು ಮುಂದಿನ ವರ್ಷ ನೋಡೋಣ, ಈಗಲೇ ಅದನ್ನೆಲ್ಲ ಬರೆಯಬೇಡಿ ಎಂದರು. ನಾನು ತಲೆಯಾಡಿಸಿದೆ. ಅವರು ಗದರಿಸಿರಲೂ ಇಲ್ಲ. ಮನೆಯಲ್ಲಿ ಮಾತಿಗೆ ಮಾತು ಕೊಡುವ ನಾನು ಅಲ್ಲಿ ಅಷ್ಟು ಸುಲಭವಾಗಿ ಒಪ್ಪಿದೆನಲ್ಲ, ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಮದುವೆಯಾಗಿ ಬ್ಯಾಡಗಿಗೆ ಬಂದಾಗಿನಿಂದ ತೊಟ್ಟು ಮುರಿದವಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಕೆಯೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜ ಗಲಗಲ ಅಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ ಇದೆ ಎಂದು ಕಲಿಸಿದ್ದಳು. ತೇವ ಅಳೆಯುವ ನನ್ನ ಯಂತ್ರಕ್ಕಿಂತ ಲಗೂ ಹೇಳುತ್ತಿದ್ದಳು. ನಾನು ಬೇಕೆಂದೇ ಯಂತ್ರ ಹಚ್ಚಿ ಪರೀಕ್ಷಿಸುತ್ತಿದ್ದೆ, ಆಕೆ ನಗುತ್ತಿದ್ದಳು. ಘಾಟಿನಿಂದ ಹೆಚ್ಚು ಕಷ್ಟವಾದದ್ದೂ ಆಕೆಗೇ. ಸಂಜೆ ಹೊತ್ತಿಗೆ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು.

ಒಂದು ದಿನ ಯುರೋಪಿನ ಹೊಸ ಲೋಡಿಗೆ ಚೀಲ ಪರೀಕ್ಷಿಸುವಾಗ ಒಂದರಲ್ಲಿ ತೇವ ಹೆಚ್ಚು ಬಂತು. ಮತ್ತೆ ನೋಡಿದೆ, ಹೆಚ್ಚೇ. ಅದು ದೊಡ್ಡವ್ವನ ರಾಶಿಯ ಚೀಲ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಒಳಗೆ ಕರೆದು ಕೇಳುವಷ್ಟು ತಾಳ್ಮೆ ಉಳಿಯಲಿಲ್ಲ. ಎಲ್ಲರೆದುರು ನಿಂತು ನೀರು ಹಾಕಿದೆಯಾ ಎಂದು ಕೇಳಿದೆ.

"ನಾ ನೀರ ಹೊಡದಿಲ್ರಿ ಅಕ್ಕಾರ," ಎಂದಳು.

ಹಾಗಾದರೆ ಇದು ಎಲ್ಲಿಂದ ಬಂತು ಎಂದೆ. ಗೊತ್ತಿಲ್ಲ ಎಂದಳು. ವಯಸ್ಸಾದವಳು ಸುಳ್ಳು ಹೇಳುತ್ತಿದ್ದಾಳಲ್ಲ ಎಂದು ನನಗೆ ಇನ್ನಷ್ಟು ರೇಗಿತು. ನಾಳೆಯಿಂದ ಬರಬೇಡ ಎಂದು ಮಾಲೀಕರು ಹೇಳಿಸಿದರು, ಹೇಳಿದವಳು ನಾನೇ. ಆಕೆ ಜಗಳ ಮಾಡಲಿಲ್ಲ. ತಂಬಿಗೆ ತೆಗೆದುಕೊಂಡು, ಉಳಿದವರಿಗೆ ಹೋಗಿ ಬರ್ತೇನಿ ಎಂದು ಹೇಳಿ ಹೋದಳು.

ಸುಮಾರು ಹದಿನೈದು ದಿನವಾಗಿರಬೇಕು. ಲಾರಿ ಹೊರಡುವ ದಿನ ನಾಲ್ಕು ಹೆಂಗಸರು ಕೆಲಸಕ್ಕೆ ಬಂದಿರಲಿಲ್ಲ. ಮಾಲು ಮುಗಿಯುವಂತೆ ಕಾಣದೆ, ಕೂತು ಕಾಯಲಾರದೆ, ನಾನೇ ಹೋಗಿ ರಾಶಿಯ ಮುಂದೆ ಕುಳಿತೆ. ಹತ್ತು ನಿಮಿಷಕ್ಕೆ ಕಣ್ಣು ಉರಿಯಿತು. ಆಮೇಲೆ ಗಂಟಲು. ದುಪಟ್ಟಾವನ್ನು ಮೂಗಿಗೆ ಬಿಗಿದೆ, ಸಾಲಲಿಲ್ಲ. ಎದ್ದು ನಲ್ಲಿಯ ಹತ್ತಿರ ಹೋಗಿ ಅದನ್ನು ತೋಯಿಸಿ ಕಟ್ಟಿಕೊಂಡು ಬಂದೆ. ಆಗ ಉಸಿರು ಸ್ವಲ್ಪ ಸರಾಗವಾಯಿತು. ಒಣಗಿದಾಗ ಮತ್ತೆ ತೋಯಿಸಿದೆ. ಮೂರನೆಯ ಸಲ ಕೂತು ಬಗ್ಗಿದಾಗ ಗದ್ದದ ಕೆಳಗಿನಿಂದ ನೀರು ತೊಟ್ಟಿಕ್ಕಿ ಮಡಿಲ ಕಾಯಿಗಳ ಮೇಲೆ ಬಿತ್ತು. ನಾನು ಅದನ್ನು ನೋಡುತ್ತಾ ಹಾಗೇ ಕೂತೆ. ಪಕ್ಕದವಳು ನನ್ನನ್ನು ನೋಡಿ, ದೊಡ್ಡವ್ವನೂ ಹಿಂಗ ಸೆರಗ ತೋಸಿ ಕಟ್ಟಿಕೋತಿದ್ಲು ಎಂದಳು. ಸೆರಗು ಕಟ್ಟಿಕೊಂಡದ್ದನ್ನು ನಾನೂ ದಿನಾ ನೋಡಿದ್ದೆ. ಅದು ಒದ್ದೆಯೋ ಒಣಗಿದ್ದೋ ಎಂದು ನೋಡಿರಲಿಲ್ಲ.

ಅಂದು ಸಂಜೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಆಕೆಯ ಮನೆ ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸುತ್ತಿದ್ದೆ, ಒಂದೂ ಸರಿ ಹೋಗುತ್ತಿರಲಿಲ್ಲ. ಆಕೆ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕುಂದ್ರಿ ಎಂದಳು. ನಾನು ನಿಂತೇ ನೀರಿನ ವಿಷಯ ಹೇಳಿದೆ, ತಪ್ಪಾಯಿತು ಎಂದೆ, ನಾಳೆಯಿಂದ ಬಾ ಎಂದೆ. ಆಕೆ ಸೆರಗು ತೊಟ್ಟಿಕ್ಕಿದ ಮಾತಿಗೆ ಆಶ್ಚರ್ಯಪಟ್ಟಳು, ತನಗೂ ಹೊಳೆದಿರಲಿಲ್ಲ ಎಂದಳು. ಆಮೇಲೆ ಕೇಳಿದಳು:

"ಆ ಬೋರ್ಡಿನಾಗ ಬರೇ ಕಾಯಿ ಬಗ್ಗೆ ಅಷ್ಟ ಐತೇನ್ರಿ? ಕಾಯಿ ಮುರಿಯೋರ ಬಗ್ಗೆ ಅವ್ರು ಏನೂ ಬರದಿಲ್ಲೇನು?"

ಇಲ್ಲ ಎನ್ನಬಹುದಿತ್ತು. ಆಕೆಗೆ ಓದಲು ಬರುವುದಿಲ್ಲ.

"ಬರದಾರ ದೊಡ್ಡವ್ವ. ಗಾಳಿ ಆಡೂಹಂಗ ಮಾಡಬೇಕು ಅಂತ ಬರದಾರ. ನಾನ ಬಿಟ್ಟೇನಿ."

ಆಕೆ ಮೊರದಲ್ಲಿ ಕೈಯಾಡಿಸುತ್ತಿದ್ದವಳು ನಿಲ್ಲಿಸಿದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಓದಿ ಹೇಳಿದ್ರ ನಾವ ಹೋಗಿ ಕೇಳತಿದ್ವಲ್ರಿ," ಎಂದಳು.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಆ ಸಾಲನ್ನು ಬೋರ್ಡಿನ ಮೇಲೆ ಬರೆದು, ಹೆಂಗಸರಿಗೆ ಜೋರಾಗಿ ಓದಿ ಹೇಳಿದೆ. ಅವಸರಕ್ಕೆ ಅಕ್ಷರ ಸೊಟ್ಟಗಾಗಿತ್ತು. ಅವರು ಇನ್ನೊಮ್ಮೆ ಓದಿಸಿದರು. ಮಧ್ಯಾಹ್ನದ ಊಟ ಬಿಟ್ಟು ಎಲ್ಲರೂ ಮಾಲೀಕರ ಕೋಣೆಯ ಮುಂದೆ ಹೋಗಿ ನಿಂತರು. ಮಾಲೀಕರು ನನ್ನ ಜೊತೆ ಕೆಲವು ದಿನ ಮಾತು ಬಿಟ್ಟರು, ಆದರೆ ಫ್ಯಾನು ಬಂತು. ಅದಕ್ಕೆ ಮುಂದಿನ ವರ್ಷ ಬೇಕಾಗಲಿಲ್ಲ.

ದೊಡ್ಡವ್ವ ವಾಪಸು ಬರಲಿಲ್ಲ. ಅಷ್ಟರಲ್ಲಿ ಬೇರೊಂದು ಶೆಡ್ಡಿಗೆ ಸೇರಿಕೊಂಡಿದ್ದಳು. ಅಲ್ಲಿನ ಮಾಲು ಹೊರದೇಶಕ್ಕೆ ಹೋಗುವುದಿಲ್ಲ, ಇಲ್ಲಿಯ ಅಂಗಡಿಗಳಿಗೇ ಹೋಗುತ್ತದೆ. ಕಾಯ್ದೆ ಅಲ್ಲಿಗೂ ಇದೆ, ಓದಿ ಹೇಳಿದವರಿಲ್ಲ. ಅಲ್ಲಿ ಬೆಳಿಗ್ಗೆ ತಂಬಿಗೆಯಿಂದ ರಾಶಿಗೆ ನೀರು ಚಿಮುಕಿಸಿ ಕೂರುತ್ತಾರಂತೆ. ಪೇಟೆಯಲ್ಲಿ ಒಮ್ಮೆ ಸಿಕ್ಕಾಗ, ಈಗ ಉಸಿರಾಟ ಆರಾಮ ಇದೆ ಎಂದು ಆಕೆಯೇ ಹೇಳಿದಳು. ನಾನು ಒಳ್ಳೇದಾಯಿತು ಎಂದೆ, ಒದ್ದೆ ಕಾಯಿಯ ವಿಷದ ಮಾತು ಎತ್ತಲಿಲ್ಲ.