ಎದುರಿಗೆ ಕೂತವರು

ನಮ್ಮ ಬೀದಿಯ ಟೈಲರಮ್ಮನಿಗೆ ನಾವೆಲ್ಲ ಇಟ್ಟ ಹೆಸರು ‘ನಾಳೆ ಬನ್ನಿ’. ಅವಳ ಅಂಗಡಿಯ ಗೋಡೆ ತುಂಬ ಒಂಟಿ ತೋಳಿನ ಅಂಗಿಗಳು, ಕಾಲರ್ ಇಲ್ಲದ ಕೋಟುಗಳು. ದಾರ ತರಲು ಎದ್ದವಳು ಗುಂಡಿಯ ಡಬ್ಬಿ ಕಂಡರೆ ಮುಗಿಯಿತು, ಬಣ್ಣ ಬಣ್ಣದ ಗುಂಡಿ ಬೇರೆ ಮಾಡುತ್ತ ನೆಲದ ಮೇಲೇ ಕೂತುಬಿಡುತ್ತಿದ್ದಳು. ಕತ್ತರಿ ಕೈಯಲ್ಲೇ ಹಿಡಿದು ಕತ್ತರಿಗಾಗಿ ಅಂಗಡಿಯೆಲ್ಲ ಜಾಲಾಡುತ್ತಿದ್ದಳು. ಹೊಲಿದದ್ದಕ್ಕೆ ಮಾತ್ರ ಬೆರಳು ತೋರಿಸುವ ಹಾಗಿರಲಿಲ್ಲ. ಅದಕ್ಕೇ ಬೈದುಕೊಂಡಾದರೂ ಅವಳ ಹತ್ತಿರವೇ ಹೋಗುತ್ತಿದ್ದೆವು.

ಗಂಡ ಇರುವ ತನಕ ಇಷ್ಟು ಹದಗೆಟ್ಟಿರಲಿಲ್ಲ. ಆತ ಗಡಿಯಾರ ರಿಪೇರಿಯವನು. ಪಕ್ಕದಲ್ಲೇ ಸ್ವಂತ ಅಂಗಡಿಯಿದ್ದರೂ ಪುಟ್ಟ ಮೇಜು ಎತ್ತಿಕೊಂಡು ಬಂದು ಹೆಂಡತಿಯ ಹೊಲಿಗೆ ಯಂತ್ರದ ಎದುರಿಗೇ ಕೂರುತ್ತಿದ್ದ. ಆಗಾಗ ತಲೆಯೆತ್ತದೆಯೇ, “ಎಲ್ಲಿಗೆ ಬಂತೇ?” ಅನ್ನುತ್ತಿದ್ದ.

“ತಲೆ ತಿನ್ನಬೇಡಿ. ನಾನೇನು ಕಳ್ಳಿನಾ, ಕಾವಲು ಕೂತಿದೀರಲ್ಲ! ಎದ್ದು ಹೋಗಿ ಆ ಕಡೆ.”

ಆತ ನಗುತ್ತಿದ್ದ, ಏಳುತ್ತಿರಲಿಲ್ಲ. ಸಂಜೆಯೊಳಗೆ ಅಂಗಿ ಮುಗಿದಿರುತ್ತಿತ್ತು.

ಆತ ತೀರಿಕೊಂಡ ಮೇಲೆ ಮಗಳ ಮದುವೆ ಗೊತ್ತಾಯಿತು. ಮದುವೆಯ ಉಡುಪು ತಾನೇ ಹೊಲಿಯುತ್ತೇನೆಂದು ಟೈಲರಮ್ಮ ಹಟ ಹಿಡಿದಳು. ತೋಳು ಕೂಡಿಸುವ ಹೊತ್ತಿಗೆ ಅದೂ ಗೋಡೆ ಸೇರಿತು.

“ರೆಡಿಮೇಡ್ ತಗೋತೀನಿ ಬಿಡಮ್ಮ. ನಿಂಗೆ ಮನಸ್ಸಿದ್ದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು,” ಎಂದುಬಿಟ್ಟಳು ಮಗಳು. ಆ ಮಾತು ಟೈಲರಮ್ಮನ ಎದೆಗೆ ನಾಟಿತು. ಮನಸ್ಸೊಂದು ಬಿಟ್ಟರೆ ಇನ್ನೇನಿತ್ತು ಅವಳ ಹತ್ತಿರ?

ಮಾರನೆಯ ದಿನ ನಾನು ಜಿಪ್ ಹಾಕಿಸಲು ಹೋದಾಗ ಅಂಗಡಿಯ ರೇಡಿಯೋದಲ್ಲಿ ಮನೋವೈದ್ಯೆಯೊಬ್ಬಳು ಮಾತಾಡುತ್ತಿದ್ದಳು. ಗಮನ ನಿಲ್ಲದ ತೊಂದರೆ ಅಂತ ಒಂದಿದೆಯಂತೆ, ಚಿಕ್ಕಂದಿನಿಂದ ಬಂದದ್ದು ಎಷ್ಟೋ ಜನರಿಗೆ ದೊಡ್ಡವರಾದರೂ ಹೋಗುವುದಿಲ್ಲವಂತೆ. ಹಿಡಿದ ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕುವುದು, ಇಟ್ಟದ್ದು ಮರೆಯುವುದು, ಹೊತ್ತು ಹೋದದ್ದೇ ತಿಳಿಯದಿರುವುದು.

“ಅಯ್ಯೋ, ನನ್ನ ಕಥೆ ಇವಳಿಗ್ಯಾರೇ ಹೇಳಿದ್ದು!” ಎಂದು ಟೈಲರಮ್ಮ ನಕ್ಕಳು.

“ಇದು ಸೋಮಾರಿತನ ಅಲ್ಲ,” ಎಂದಳು ವೈದ್ಯೆ. “ಕೆಲವರಿಗೆ ಯಾರಾದರೂ ಸುಮ್ಮನೆ ಎದುರಿಗೆ ಕೂತಿದ್ದರೂ ಸಾಕು, ಕೆಲಸ ಸಾಗುತ್ತೆ.”

ಯಂತ್ರ ನಿಂತಿತು. ಟೈಲರಮ್ಮ ಎದುರಿನ ಖಾಲಿ ಜಾಗವನ್ನೇ ನೋಡುತ್ತಿದ್ದಳು.

“ಅವರಿಗೆ ಗೊತ್ತಿತ್ತು ಕಣೇ,” ಎಂದಳು. “ಇದರ ಹೆಸರು ಗೊತ್ತಿರಲಿಲ್ಲ, ಅಷ್ಟೇ. ನಾನು ಕಾವಲು ಅಂದ್ಕೊಂಡೆ. ಇನ್ನೊಂದೇ ಒಂದು ಸಲ ಬಂದು ಕೂತಿದ್ರೆ...” ಗಳಗಳನೆ ಅತ್ತಳು.

ಸಂಜೆ ಮಗಳು ಬಂದಾಗಲೂ ನಾನಲ್ಲೇ ಇದ್ದೆ. ಜಿಪ್ ಇನ್ನೂ ಆಗಿರಲಿಲ್ಲ, ಬಿಡಿ. ಟೈಲರಮ್ಮ ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ ಅವಳಿಗೆ ಹೇಳಿದಳು.

“ನನ್ನನ್ನ ಒಬ್ಬ ಡಾಕ್ಟರಿಗೆ ತೋರಿಸು. ಅದಕ್ಕೂ ಮುಂಚೆ ಇಲ್ಲಿ ಸ್ವಲ್ಪ ಕೂತ್ಕೋ. ಏನೂ ಮಾಡಬೇಡ.”

ಮಗಳು ಅಪ್ಪನ ಜಾಗದಲ್ಲಿ ಮೊಬೈಲ್ ಹಿಡಿದು ಕೂತಳು. ಉಡುಪು ಗೋಡೆಯಿಂದ ಇಳಿಯಿತು. ಒಂದು ತೋಳು ಕೂಡಿತು. ಇನ್ನೊಂದರ ನಡುವೆ ಯಂತ್ರದ ಸದ್ದು ನಿಂತಿತು, ಟೈಲರಮ್ಮನ ಕೈ ಆಗಲೇ ಗುಂಡಿಯ ಡಬ್ಬಿಯ ಕಡೆ ಹೊರಟಿತ್ತು.

“ಎಲ್ಲಿಗೆ ಬಂತಮ್ಮ?” ಎಂದಳು ಮಗಳು, ತಲೆಯೆತ್ತದೆಯೇ.

ಟೈಲರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

“ಬರ್ತಾ ಇದೆ,” ಎಂದಳು. “ನೀನು ಏಳಬೇಡ.”