ಬೀಜದ ಆವೇಶ

ಪ್ರಯೋಗಶಾಲೆಯಲ್ಲಿ ಲಿಂಬೆರಸದ ಹುಳಿ ಪರೀಕ್ಷಿಸುವ ದಿನ ನನಗೆ ಪಾಠ ನೆಟ್ಟಗೆ ಬರುವುದಿಲ್ಲ. ಸಿಂದಗಿಯ ಈ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಲು ಹಿಡಿದು ವರ್ಷಗಳಾದವು. ಆದರೂ ಆ ವಾಸನೆ ಮೂಗಿಗೆ ಬಡಿದರೆ ಸಾಕು, ತಾಂಬಾ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿರುತ್ತೇನೆ. ಮುಂದೆ ಲಿಂಬೆಯ ರಾಶಿ. ಸಾಲಾಗಿ ನಾನೂ ಚಿಕ್ಕಪ್ಪನ ಹೆಣ್ಣುಮಕ್ಕಳೂ. ದಪ್ಪನೆಯ ಕಾಯಿ ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ. ಸಿಪ್ಪೆಯ ಎಣ್ಣೆ ಉಗುರಿನ ಸಂದಿಗೆ ಇಳಿದು ಚುರುಗುಡುತ್ತಿತ್ತು. ಆ ಮನೆ ಈಗಿಲ್ಲ. ಅಲ್ಲೊಂದು ಗೊಬ್ಬರದ ಗೋದಾಮು ಎದ್ದಿದೆ. ನಿಮ್ಮದೂ ಹೀಗೊಂದು ಮನೆ ಹೋಗಿದ್ದರೆ, ಎಷ್ಟು ತೊಳೆದರೂ ಕೈಬಿಡದ ವಾಸನೆ ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ.

ಮನೆಯ ಹಿರಿಯ ನನ್ನ ದಾದಾ, ಅಂದರೆ ಅಪ್ಪನ ಅಪ್ಪ. ಅಪ್ಪ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದರು. ದಾದಾ ತೋಟದಲ್ಲಿ ಒದರಿದರೆ ಮನೆಯಲ್ಲಿ ಬೆಕ್ಕು ಓಡುತ್ತಿತ್ತು. ಕಾಯಿಗೆ ಕಲೆ ಬಿದ್ದರೆ ಸಿಟ್ಟು, ವ್ಯಾಪಾರಿ ತಡಮಾಡಿದರೆ ಸಿಟ್ಟು. ಅವರು ಒಳಗೆ ಕಾಲಿಟ್ಟರೆ ನಾವು ಹುಡುಗಿಯರೆಲ್ಲ ಮೊಣಕಾಲು ಎದೆಗೆಳೆದುಕೊಂಡು ಕುಗ್ಗುತ್ತಿದ್ದೆವು. ಪಕ್ಕದಲ್ಲಿ ಕೂತವಳು ಎಂದಾದರೂ ಅಡ್ಡ ನಿಂತು ಮರೆಯಾಗುತ್ತಾಳೆಯೇ? ಹಾಗೆ ಮರೆಯಾಗಿ ನಿಲ್ಲುತ್ತಿದ್ದವಳು ಅಮ್ಮಿ, ನನ್ನ ತಾಯಿ. ಚಹಾದ ಬಟ್ಟಲು ಹಿಡಿದು ಅವರಿಗೂ ನಮಗೂ ನಡುವೆ ನಿಂತು, “ಹೌದ್ರಿ ಮಾವಾರ, ಹೌದ್ರಿ” ಎನ್ನುತ್ತ ಅರ್ಧಕ್ಕರ್ಧ ಬೈಗುಳ ತಾನೇ ನುಂಗಿಬಿಡುತ್ತಿದ್ದಳು. ಉಳಿದರ್ಧ ನಮ್ಮ ಪಾಲಿಗೆ.

ಪಿಯುಸಿ ಮೊದಲ ವರ್ಷ ನಾನು ರಸಾಯನಶಾಸ್ತ್ರದಲ್ಲಿ ನಪಾಸಾದೆ. “ಸಾಕ ಮಾಡು ಸಾಲಿ. ಲಿಂಬಿಕಾಯಿ ಆರಿಸಾಕ ಯಾವ ಪರೀಕ್ಷಾ ಬೇಕು?” ಎಂದರು ದಾದಾ. “ಇನ್ನೊಮ್ಮೆ ಬರೀಲಿ ಬಿಡ್ರಿ,” ಎಂದಳು ಅಮ್ಮಿ, ಬಟ್ಟಲು ಮುಂದೆ ಹಿಡಿದು. ಆ ಒಂದು ಅವಕಾಶದ ಮೇಲೆ ನನ್ನ ಓದೆಲ್ಲ ನಿಂತಿತ್ತು. ಇಂಗ್ಲಿಷಿನ ಪುಸ್ತಕ ತಲೆಗೆ ಹತ್ತದೆ ಕನ್ನಡದ್ದೊಂದು ಬೇಡಿ ತಂದು, ಕಾಯಿ ಆರಿಸುತ್ತಲೇ ಗಟ್ಟಿಯಾಗಿ ಓದತೊಡಗಿದೆ: ಪರಮಾಣು ಬೀಜದ ಪರಿಣಾಮಕಾರಿ ಆವೇಶ. ಅಮ್ಮಿ ಕೈಯಲ್ಲಿದ್ದ ಲಿಂಬೆಯನ್ನು ತಿರುಗಿಸಿ ನೋಡಿದಳು. “ಬೀಜಕ್ಕ ಎಂಥಾ ಆವೇಶನ? ನಿಮ್ಮ ದಾದಾನ ಗತೆ ಒದರತೈತೇನು?”

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೆ ಪುಸ್ತಕ ತಾನಾಗಿ ಬಿಚ್ಚಿಕೊಂಡಿತು. ಬೀಜವೆಂದರೆ ನ್ಯೂಕ್ಲಿಯಸ್ಸು, ಆವೇಶವೆಂದರೆ ಅದರ ವಿದ್ಯುತ್ತಿನ ಚಾರ್ಜು. ನಟ್ಟನಡುವೆ ಕೂತ ಬೀಜದ ಆವೇಶವೆಲ್ಲ ಹೊರಸುತ್ತಿನ ಎಲೆಕ್ಟ್ರಾನಿಗೆ ಮುಟ್ಟುವುದಿಲ್ಲ, ಒಳಸುತ್ತಿನವು ಅಡ್ಡ ನಿಂತು ಮರೆಯಾಗುತ್ತವೆ. ಆ ಮರೆಯಷ್ಟನ್ನು ಕಳೆದರೆ ಉಳಿಯುವುದೇ ಪರಿಣಾಮಕಾರಿ ಆವೇಶ. ಒಂದೇ ಸುತ್ತಿನಲ್ಲಿ ಪಕ್ಕಪಕ್ಕ ಇರುವವು ಒಂದಕ್ಕೊಂದು ಅಷ್ಟಾಗಿ ಮರೆಯಲ್ಲ. ಹಾಗಾಗಿ ಮೂಲವಸ್ತುಗಳ ಕೋಷ್ಟಕದ ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಬೀಜದ ಜೋರು ಏರುತ್ತದೆ, ಪರಮಾಣು ಕುಗ್ಗುತ್ತದೆ. ಎಲೆಕ್ಟ್ರಾನು ಹೆಚ್ಚಿದರೆ ಪರಮಾಣು ದಪ್ಪಗಾಗಬೇಕೆಂದು ನಪಾಸಾದ ಪರೀಕ್ಷೆಯಲ್ಲಿ ಬರೆದು ಬಂದವಳು ನಾನು! ನಮ್ಮ ಮೊಣಕಾಲುಗಳನ್ನೇ ನೋಡಿದ್ದರೆ ಸಾಕಿತ್ತು. ಉದ್ದಸಾಲಿನಲ್ಲಿ ಕೆಳಗಿಳಿದರೆ ಹೊಸ ಸುತ್ತು ಸೇರುತ್ತದೆ, ದೂರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಅದೂ ತಿಳಿಯಿತು. ಈ ಸಲ ಬಿಡುವುದಿಲ್ಲ ಎಂದುಕೊಂಡೆ.

ಪರೀಕ್ಷೆಗೆ ಮುಂಚೆಯೇ ಅಮ್ಮಿ ಜ್ವರ ಬಂದು ಮಲಗಿದಳು, ಏಳಲಿಲ್ಲ. ಅವಳಿಲ್ಲದ ಮನೆಯಲ್ಲಿ ಕೂಡಿ ಬಾಳುವುದು ಯಾರಿಗೂ ಆಗಲಿಲ್ಲ. ಚಿಕ್ಕಪ್ಪನ ಸಂಸಾರ ವ್ಯಾಪಾರಕ್ಕೆಂದು ಮುದ್ದೇಬಿಹಾಳಕ್ಕೆ ಹೋಯಿತು. ರಾಶಿಯ ಮುಂದೆ ನಾನೊಬ್ಬಳೇ ಕೂತಿದ್ದಾಗ ದಾದಾ ಬಂದು ನಿಂತರು. “ಇನ್ನ ಏನ್ ಮಾಡ್ತೀ?” ನಡುವೆ ಯಾರೂ ಇರಲಿಲ್ಲ. ಮೊಣಕಾಲು ತಾವಾಗಿಯೇ ಮೇಲೆ ಬಂದವು, ಒತ್ತಿ ಕೆಳಗಿಳಿಸಿದೆ. “ಬರಿತೇನ್ರಿ ದಾದಾ. ನಪಾಸಾದ್ರ ಮತ್ತ ಬರಿತೇನಿ.” ಇನ್ನೇನು ಒದರುತ್ತಾರೆಂದು ಕಾದೆ. ಅವರು ಬಗ್ಗಿ ರಾಶಿಯಿಂದೊಂದು ಕಾಯಿ ಎತ್ತಿ ಬುಟ್ಟಿಗೆ ಹಾಕಿದರು. “ಪರೀಕ್ಷಾಕ್ಕ ಇಂಡಿಗೆ ಯಾವ ಬಸ್ಸು ಐತಿ? ನಾನೂ ಬರ್ತೇನಿ.”

ಪರೀಕ್ಷೆ ಮುಗಿಯುವವರೆಗೂ ದಾದಾ ಇಂಡಿಯ ಆ ಕಾಲೇಜಿನ ಅಂಗಳದ ಬೇವಿನ ಕೆಳಗೆ ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಿಟಕಿಯಿಂದ ಕಾಣುತ್ತಿದ್ದರು, ಕಣ್ಣು ನನ್ನ ಕೋಣೆಯ ಮೇಲೇ ಇತ್ತು. ದಾದಾನ ಆವೇಶವೆಂದರೆ ಸಿಟ್ಟೊಂದೇ ಎಂದು ಅಲ್ಲಿಯವರೆಗೂ ತಿಳಿದಿದ್ದೆ. ಪುಸ್ತಕದಲ್ಲಿ ಸೆಳೆತವೆಂದು ಸ್ಪಷ್ಟವಾಗಿಯೇ ಬರೆದಿತ್ತು, ಬೀಜವು ಎಲೆಕ್ಟ್ರಾನನ್ನು ತನ್ನ ಕಡೆಗೆ ಎಳೆಯುತ್ತದೆ ಎಂದು. ಕಣ್ಣೊರೆಸಿಕೊಂಡು ಅದನ್ನೇ ಬರೆದೆ. ಪಾಸಾದೆ, ಮುಂದೆಯೂ ಓದಿದೆ.

ಆಮೇಲಿನ ವರ್ಷಗಳಲ್ಲಿ ಆ ದೊಡ್ಡ ಮನೆಯಲ್ಲಿ ಉಳಿದವರು ದಾದಾ ಮತ್ತು ನಾನು. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ಅವರೇ ನಿಂತಿರುತ್ತಿದ್ದರು. ಈಗ ಅವರೂ ಇಲ್ಲ. ಇವತ್ತು ಲಿಂಬೆಯ ಪ್ರಯೋಗ ಮುಗಿಸಿ ಬಂದ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು, “ಹೈಡ್ರೋಜನ್ನಿನಾಗ ಮರೀಗಂತ ಎಷ್ಟು ಕಳೀಬೇಕ್ರಿ ಮೇಡಂ?” “ಏನೂ ಕಳೆಯೂದಿಲ್ಲವ್ವಾ,” ಎಂದೆ. “ಒಂದು ಬೀಜ, ಒಂದು ಎಲೆಕ್ಟ್ರಾನು. ನಡುವ ಯಾರೂ ಇಲ್ಲ, ಪೂರ್ತಿ ಮುಟ್ಟತೈತಿ.” ಹೇಳಿ, ಲಿಂಬೆಯ ವಾಸನೆಯ ಕೈಯಿಂದಲೇ ಹಲಗೆ ಒರೆಸಿದೆ. ದಾದಾನ ಪ್ರೀತಿ ನನಗೆ ಪೂರ್ತಿ ಮುಟ್ಟಿತು. ಅರ್ಧವೇ ಸಾಕಿತ್ತು, ನಡುವೆ ನಿಂತು ಕಳೆಯಲು ಅಮ್ಮಿ ಇದ್ದಿದ್ದರೆ.